ಕಾಲುವೆ ದಂಡೆಯ ಸೈಕಲ್ ದಾರಿ

ನಮ್ಮ ಎರಿ ಸೀಮೆಯಲ್ಲಿ ಬೇಸಿಗೆಯಲ್ಲಿ ಮನುಷ್ಯ ಸೈಕಲ್ಲಿನ ಮೇಲೆ ಕೂತು ಹೋಗುತ್ತಾನೆ. ಮಳೆಗಾಲದಲ್ಲಿ ಸೈಕಲ್ಲು ಮನುಷ್ಯನ ಮೇಲೆ ಕೂತು ಹೋಗುತ್ತದೆ. ನಂಬಿಕೆಯಾಗದಿದ್ದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕರಿಮಣ್ಣಿನ ಮೇಲೆ ಒಂದು ಹದವಾದ ಮಳೆ ಬಿದ್ದ ಮರುದಿನ ಹೊಲದ ದಾರಿಗೆ ಸೈಕಲ್ ಇಳಿಸಿ ನೋಡಿ. ಹತ್ತು ಮಾರು ಹೋಗುವುದರೊಳಗೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ನಾದಿದ ಹಿಟ್ಟಿನಂತೆ ತುಂಬಿಕೊಂಡು ಗಾಲಿ ನಿಂತೇ ಬಿಡುತ್ತದೆ. ತೊಗರಿ ಕಟ್ಟಿಗೆ ಮುರಿದು ಕೆದರಿ ತೆಗೆಯಬೇಕು, ಮತ್ತೆ ಹತ್ತು ಮಾರು ಹೋಗಬೇಕು, ಮತ್ತೆ ಕೆದರಬೇಕು. ಬೇಸತ್ತವನು ಕೊನೆಗೆ ಸೈಕಲ್ಲನ್ನೆತ್ತಿ ಹೆಗಲಿಗೇರಿಸುತ್ತಾನೆ. ಕಲಘಟಗಿ ಕಡೆಯವರು ಇದನ್ನು ಓದಿ ನಕ್ಕಾರು. ಅವರದು ಮಲೆನಾಡಿನ ಸೆರಗು, ಭತ್ತದ ಗದ್ದೆ. ಅವರ ತಾಪತ್ರಯವೆಲ್ಲ ಏರು-ಇಳಿವುಗಳದು. ನಮ್ಮದು ಅಂಗೈಯಂಥ ಬಯಲು. ಈ ಅಂಟೊಂದು ಬಿಟ್ಟರೆ ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ನೆಲ ಹುಡುಕಿದರೂ ಸಿಗಲಿಕ್ಕಿಲ್ಲ.

ಅದಕ್ಕೇ ಇರಬೇಕು, ಒಂದು ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ಸೈಕಲ್ ಇಲ್ಲದ ಕೆಲಸವೇ ಇರಲಿಲ್ಲ. ಹಾಲಿನ ಕ್ಯಾನು ಅದರ ಮೇಲೆ, ಅಂಚೆಯ ಚೀಲ ಅದರ ಮೇಲೆ, ಸೀರೆ ಮಾರುವವನ ಗಂಟು ಅದರ ಮೇಲೆ. ಲಗ್ನದ ಮಾತುಕತೆಯಲ್ಲಿ ವರನ ಕಡೆಯವರು ವಾಚು, ರೇಡಿಯೋದ ಜೊತೆಗೆ ಕೇಳುತ್ತಿದ್ದ ಮೂರನೆಯ ಸಾಮಾನೂ ಅದೇ. ಖಂಡೇಪೂಜೆಯ ದಿನ ಕೊಡಲಿ, ಕುಡಗೋಲು, ರಂಟೆಗಳ ಸಾಲಿನಲ್ಲಿ ತೊಳೆದು ಒರೆಸಿದ ಸೈಕಲ್ಲೂ ವಿಭೂತಿ ಹಚ್ಚಿಕೊಂಡು ಚೆಂಡು ಹೂವಿನ ಹಾರ ಹಾಕಿಕೊಂಡು ನಿಂತಿರುತ್ತಿತ್ತು.

ನಮ್ಮಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ಅವರದೊಂದು ಅಟ್ಲಾಸ್ ಸೈಕಲ್ ಇತ್ತು. ಯಮನೂರ ಜಾತ್ರೆಗೆ ನಾವು ನಾಲ್ಕೂ ಜನ ಅದೊಂದರ ಮೇಲೇ ಹೋಗುತ್ತಿದ್ದೆವು. ಮುಂದಿನ ದಂಡಿಗೆ ಟವೆಲ್ ಸುತ್ತಿ ನನ್ನನ್ನು ಕೂಡಿಸುತ್ತಿದ್ದರು. ಹಿಂದೆ ಕ್ಯಾರಿಯರ್ ಮೇಲೆ ಅವ್ವ, ಅವಳ ತೊಡೆಯ ಮೇಲೆ ತಮ್ಮ, ತಮ್ಮನ ತೊಡೆಯ ಮೇಲೆ ಬುತ್ತಿಯ ಗಂಟು. ಬೆಣ್ಣಿಹಳ್ಳ ಬಂದಾಗ ಎಲ್ಲರೂ ಇಳಿದು, ಅಪ್ಪ ಸೈಕಲ್ ಹೊತ್ತು, ಅವ್ವ ನಮ್ಮನ್ನು ಹೊತ್ತು ಆಚೆ ದಡ ಸೇರುತ್ತಿದ್ದೆವು. 1960ರ ದಶಕದ ಮಾತಿದು. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು; ಉಳಿದ ಹೊತ್ತಿನಲ್ಲಿ ರಸ್ತೆ ನಮ್ಮದೇ. ದಾರಿಯಲ್ಲಿ ತಮ್ಮ ಅತ್ತರೆ ಸೈಕಲ್ ನಿಲ್ಲುತ್ತಿತ್ತು, ನನಗೆ ಕಾಲು ಜೋಮು ಹಿಡಿದರೆ ಮತ್ತೆ ನಿಲ್ಲುತ್ತಿತ್ತು. ಕಡಲೆ ಹೊಲ ಕಂಡಲ್ಲಿ ಸುಲಗಾಯಿ ತಿನ್ನಲಿಕ್ಕೆ ಯಾರೂ ಹೇಳದೆಯೇ ನಿಲ್ಲುತ್ತಿತ್ತು.

ಇದಕ್ಕೂ ದೊಡ್ಡ ಪಯಣ ಉಳವಿಯದು. ಭಾರತ ಹುಣ್ಣಿಮೆಯ ಹೊತ್ತಿಗೆ ಚೆನ್ನಬಸವಣ್ಣನ ಜಾತ್ರೆಗೆ ನಮ್ಮ ಜಿಲ್ಲೆಯ ರೈತರು ಚಕ್ಕಡಿ ಕಟ್ಟಿಕೊಂಡು ಹೋಗುವುದನ್ನು ನೀವೂ ನೋಡಿರುತ್ತೀರಿ. ಕೊಲ್ಲಾರಿ ಕಟ್ಟಿದ ಬಂಡಿ, ಕೊಂಬಿಗೆ ಕೊಂಬಣಸು ಹಾಕಿದ ಎತ್ತು, ಬಂಡಿಯಲ್ಲಿ ಮುದುಕಿಯಿಂದ ಹಿಡಿದು ಮೊಲೆಗೂಸಿನ ತನಕ ಇಡೀ ಮನೆ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ. ಎತ್ತು ದಣಿದಲ್ಲಿ ಠಾಣ್ಯ, ನೀರು ಕಂಡಲ್ಲಿ ಅಡುಗೆ. ಬಯಲು ದಾಟಿ, ಕಾಡು ಹೊಕ್ಕು, ಘಟ್ಟ ಏರಿ ದಿನಗಟ್ಟಲೆ ನಡೆಯುವ ಪಯಣ. ಆ ಸಾಲಿನ ವೇಗವನ್ನು ನಿಶ್ಚಯಿಸುತ್ತಿದ್ದವರು ಗಡಿಬಿಡಿಯ ಗಂಡಸರಲ್ಲ. ದಣಿದ ಎತ್ತು, ಹಸಿದ ಕೂಸು, ಬೆನ್ನು ನೋಯುವ ಅಜ್ಜಿ. ದೂರದ ದಾರಿಯನ್ನು ಮನೆಮಂದಿಯೆಲ್ಲ ಕೂಡಿ ನಿಧಾನವಾಗಿ ಸವೆಸುವುದು ನಮಗೆ ಯಾರೋ ಹೊರಗಿನವರು ಬಂದು ಕಲಿಸಬೇಕಾದ ವಿದ್ಯೆಯೇನೂ ಅಲ್ಲ ಎಂದು ಹೇಳಲಿಕ್ಕೆ ಇಷ್ಟು ಬರೆದೆ.

ಇಷ್ಟೆಲ್ಲ ಸೈಕಲ್ ಕಂಡರೂ ನಲವತ್ತೆಂಟು ವರ್ಷ ನಾನು ಅದರ ಮೇಲೆ ಸಾಮಾನಾಗಿಯೇ ಕೂತಿದ್ದೆ. ಮೊದಲು ದಂಡಿಯ ಮೇಲೆ, ದೊಡ್ಡವಳಾದ ಮೇಲೆ ಅಪ್ಪನ ಹಿಂದೆ ಕ್ಯಾರಿಯರ್ ಮೇಲೆ, ಲಗ್ನವಾದ ಮೇಲೆ ನಮ್ಮ ಮನೆಯವರ ಹಿಂದೆ. ತಮ್ಮ ಒಂಬತ್ತನೆಯ ವಯಸ್ಸಿಗೇ ದಂಡಿಯ ಕೆಳಗಿಂದ ಕಾಲು ತೂರಿಸಿ ಅಪ್ಪನ ಸೈಕಲ್ ಹೊಡೆಯುತ್ತಿದ್ದ. ನನಗೆ ಯಾರೂ ಬೇಡ ಅನ್ನಲಿಲ್ಲ. ಬೇಡ ಅನ್ನಬೇಕಾದ ಪ್ರಸಂಗವೇ ಬರಲಿಲ್ಲ. ಹೆಣ್ಣುಮಕ್ಕಳು ಸೈಕಲ್ ಹೊಡೆಯುವುದು ಹುಬ್ಬಳ್ಳಿ ಧಾರವಾಡದ ಮಾತು, ಹಳ್ಳಿಯ ಮಾತಲ್ಲ ಎಂಬುದು ಗಾಳಿಯಲ್ಲೇ ಇತ್ತು.

2006-07ರಲ್ಲಿ ಆ ಗಾಳಿ ತಿರುಗಿತು. ಕರ್ನಾಟಕ ಸರಕಾರ ಎಂಟನೇ ಇಯತ್ತೆಯ ಹೆಣ್ಣುಮಕ್ಕಳಿಗೆ ಪುಕ್ಕಟೆ ಸೈಕಲ್ ಕೊಡಲು ಆರಂಭಿಸಿತು. ಮರುವರ್ಷದಿಂದ ಹುಡುಗರಿಗೂ ಬಂತು. ನಾನಾಗ ನವಲಗುಂದ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಎಂಟನೇ ಇಯತ್ತೆ ಎಂಬುದಕ್ಕೆ ನಮ್ಮ ಕಡೆ ಒಂದು ವಿಶೇಷ ಅರ್ಥವಿತ್ತು. ಏಳರ ತನಕ ಶಾಲೆ ಊರಲ್ಲೇ ಇರುತ್ತಿತ್ತು. ಎಂಟಕ್ಕೆ ನಾಲ್ಕೋ ಐದೋ ಕಿಲೋಮೀಟರು ಆಚೆಯ ಊರಿಗೆ ಹೋಗಬೇಕು. ಹುಡುಗ ನಡೆದು ಹೋದಾನು, ಸೈಕಲ್ ಹತ್ತಿಯಾನು, ಟ್ರ್ಯಾಕ್ಟರಿಗೆ ಜೋತು ಬಿದ್ದಾನು. ಹುಡುಗಿಗೆ ಶಾಲೆ ಮುಗಿಯುತ್ತಿದ್ದುದು ಆ ನಾಲ್ಕು ಕಿಲೋಮೀಟರಿನಲ್ಲೇ. ಅವಳ ಬುದ್ಧಿಗೂ ಅದಕ್ಕೂ ಸಂಬಂಧವಿರಲಿಲ್ಲ, ಎಷ್ಟೋ ಮನೆಗಳಲ್ಲಿ ಬಡತನಕ್ಕೂ ಸಂಬಂಧವಿರಲಿಲ್ಲ. ದಾರಿಯೇ ಸಾಲಲಿಲ್ಲ, ಅಷ್ಟೆ.

ಸೈಕಲ್ ಬಂದ ದಿನ ಶಾಲೆಯ ಅಂಗಳದಲ್ಲಿ ಜಾತ್ರೆ. ಹುಡುಗಿಯರಿಗೆ ಹೊಡೆಯಲು ಬಾರದು, ಕಲಿಸಲು ಹುಡುಗರಿಗೆ ಬಿಡುವಂತಿಲ್ಲ. ಸಿಪಾಯಿಯ ಮಗಳೊಬ್ಬಳಿಗೆ ಬರುತ್ತಿತ್ತು, ಅವಳೇ ಗುರುವಾದಳು. ಒಬ್ಬರನ್ನೊಬ್ಬರು ಹಿಡಿದು, ಬಿದ್ದು, ಮೊಣಕಾಲು ಕೆತ್ತಿಕೊಂಡು, ನಕ್ಕು, ಹದಿನೈದು ದಿನದಲ್ಲಿ ಎಲ್ಲರೂ ಕಲಿತರು. ಒಂದು ಸಂಜೆ ನನ್ನ ಮುಂದೊಂದು ಸೈಕಲ್ ತಂದು ನಿಲ್ಲಿಸಿ, “ಅಕ್ಕೋರ, ನೀವೂ ಹತ್ರಿ. ದಂಡಿ ಇಲ್ಲಿದಕ್ಕ, ಸೀರಿ ಸಿಗೂದಿಲ್ಲ” ಅಂದರು. ಹತ್ತಿದೆ. “ಗಾಲಿ ನೋಡಬ್ಯಾಡ್ರಿ ಅಕ್ಕೋರ, ದೂರ ನೋಡ್ರಿ. ಗಾಲಿ ನೋಡಿದ್ರ ಬೀಳ್ತೀರಿ” ಎಂದು ಹಿಂದೆ ಓಡುತ್ತ ಕೂಗುತ್ತಿದ್ದವಳಿಗೆ ಹದಿಮೂರು ವರ್ಷ. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಅಂಥ ಮೇಷ್ಟ್ರು ಸಿಕ್ಕಿದ್ದು ಅದೇ ಮೊದಲು.

ನಾಲ್ಕೈದು ವರ್ಷ ಬಹಳ ಚಂದ ನಡೆಯಿತು. ಬೆಳಿಗ್ಗೆ ನಾಲ್ಕೂ ದಿಕ್ಕಿನಿಂದ ಬಣ್ಣದ ರಿಬ್ಬನ್ನಿನ ಎರಡು ಜಡೆಗಳು ಸೈಕಲ್ ಮೇಲೆ ಹಾರಿಕೊಂಡು ಬರುವುದನ್ನು ನೋಡುವುದೇ ಒಂದು ಸುಖ. ಆಮೇಲೆ 2011ರಲ್ಲಿ, ಹೆದ್ದಾರಿ ದಾಟಿ ಬರಬೇಕಾದ ಊರೊಂದರ ಹುಡುಗಿಗೆ ಮಾಲು ತುಂಬಿದ ವಾಹನವೊಂದು ತಾಗಿಸಿಕೊಂಡು ಹೋಯಿತು. ಜೀವ ಉಳಿಯಿತು, ಕಾಲು ಮುರಿಯಿತು. ಅವಳು ಆರು ತಿಂಗಳಿಗೆ ಎದ್ದು ಓಡಾಡಿದಳು. ಪೆಟ್ಟು ಅವಳೊಬ್ಬಳಿಗೇ ಬೀಳಲಿಲ್ಲ. ಆ ವಾರವೇ ಆ ಊರಿನ ಇನ್ನೂ ನಾಲ್ಕು ಸೈಕಲ್ಲುಗಳು ಅಟ್ಟಕ್ಕೇರಿದವು, ನಾಲ್ಕು ಹುಡುಗಿಯರು ಮನೆಯಲ್ಲಿ ಕೂತರು. ನಾನೂ ಇನ್ನೊಬ್ಬ ಶಿಕ್ಷಕರೂ ಮನೆಮನೆಗೆ ಹೋದೆವು. ಒಬ್ಬ ಅಪ್ಪ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟು ಬಹಳ ಮರ್ಯಾದೆಯಿಂದ ಹೇಳಿದ: “ಅಕ್ಕೋರ, ಸಾಲಿ ಬ್ಯಾಡ ಅಂತ ನಾ ಅನ್ನಂಗಿಲ್ಲ. ಸಾಲಿ ಚಲೋ ಐತಿ, ಸೈಕಲ್ಲೂ ಚಲೋ ಐತಿ. ನಡುವ ಇರೂದು ಚಲೋ ಇಲ್ಲ. ಅದಕ್ಕೇನ್ ಮಾಡ್ತೀರಿ ಹೇಳ್ರಿ?”

ಆ ನಡುವೆ ಇರುವುದಕ್ಕೆ ಉತ್ತರ ಹೇಳಿದವನು ನೀರಗಂಟಿ. ಕಾಲುವೆಯ ದಂಡೆಗುಂಟ ಬಂದರೆ ಹೆದ್ದಾರಿಯ ಮುಖವನ್ನೇ ನೋಡಬೇಕಾಗಿಲ್ಲ, ಎರಡು ಕಿಲೋಮೀಟರು ಸುತ್ತು ಅಷ್ಟೆ ಅಂದ. ಮಲಪ್ರಭೆಗೆ ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಮುಗಿದದ್ದು 1972ರಲ್ಲಿ. ಅದರ ಬಲದಂಡೆ ಕಾಲುವೆ ನವಲಗುಂದ, ನರಗುಂದದ ಬಯಲಿನಲ್ಲಿ ನೂರು ಕಿಲೋಮೀಟರಿಗೂ ಮೀರಿ ಹರಿಯುತ್ತದೆ. ಈ ಕಾಲುವೆಯ ಜೊತೆ ನಮ್ಮ ಜನರ ನೆನಪು ಸಿಹಿ-ಕಹಿ ಎರಡೂ ಇದೆ. ನೀರಿನ ಕರ, ಅಭಿವೃದ್ಧಿ ಕರದ ಹೋರಾಟದಲ್ಲಿ 1980ರ ಜುಲೈ 21ರಂದು ಇಲ್ಲಿ ಗುಂಡು ಹಾರಿ ರೈತರು ಸತ್ತರು. ಇಂದಿಗೂ ಆ ದಿನ ಹುತಾತ್ಮರ ವೀರಗಲ್ಲಿಗೆ ಹೂವೇರುತ್ತದೆ. ಎಷ್ಟೋ ವರ್ಷ ಕಾಲುವೆಯಲ್ಲಿ ನೀರೇ ಬಾರದೆ, 2015ರಲ್ಲಿ ಕಳಸಾ-ಬಂಡೂರಿಗಾಗಿ ಮತ್ತೆ ಧರಣಿ ಕೂತೆವು. ಇಷ್ಟೆಲ್ಲದರ ನಡುವೆ ಕಾಲುವೆಯ ಬಗಲಿಗಿರುವ ದಾರಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ಎಂಜಿನಿಯರರ ಜೀಪು ಓಡಾಡಲಿಕ್ಕೆಂದು ಕಟ್ಟಿದ ದಾರಿ.

ಆ ದಾರಿಗೆ ಎರಡು ಗುಣಗಳಿವೆ. ಒಂದು, ಅದರ ಮೇಲೆ ಗರಸು ಹಾಕಿರುವುದರಿಂದ ಮಳೆಗಾಲದಲ್ಲೂ ಗಾಲಿಗೆ ಮಣ್ಣು ಮೆತ್ತುವುದಿಲ್ಲ. ಎರಡು, ನೀರಿನ ಜೊತೆಗೇ ಹೋಗುವ ದಾರಿಯಾದ್ದರಿಂದ ಅದಕ್ಕೆ ಏರು ಎಂಬುದೇ ಇಲ್ಲ. ಅವಗುಣಗಳೂ ಇದ್ದವು. ಬಳ್ಳಾರಿ ಜಾಲಿ ಎರಡೂ ಕಡೆಯಿಂದ ಚಾಚಿಕೊಂಡಿತ್ತು, ನೆಗ್ಗಿಲ ಮುಳ್ಳು ಹಾಸಿಕೊಂಡಿತ್ತು, ಒಂದೆರಡು ತೂಬಿನ ಹತ್ತಿರ ದಂಡೆ ಕುಸಿದಿತ್ತು. ಆ ನಾಲ್ಕು ಅಪ್ಪಂದಿರೇ ಕೊಡಲಿ, ಗುದ್ದಲಿ ತಂದು ಎರಡು ದಿನ ಕೆಲಸ ಮಾಡಿದರು. ನಾಲ್ವರಲ್ಲಿ ಇಬ್ಬರು ಹುಡುಗಿಯರು ಶಾಲೆಗೆ ಮರಳಿದರು. ಉಳಿದಿಬ್ಬರಿಗೆ ಅಷ್ಟರಲ್ಲಿ ಲಗ್ನ ಗೊತ್ತಾಗಿಬಿಟ್ಟಿತ್ತು.

ಇದನ್ನೆಲ್ಲ ನಾನು ಹೆಚ್ಚು ಕಡಿಮೆ ಮರೆತೇಬಿಟ್ಟಿದ್ದೆ. 2018ರಲ್ಲಿ ನಿವೃತ್ತಿಯೂ ಆಯಿತು. ನೆನಪು ಬಂದದ್ದು ಬಹಳ ದೂರದ ಊರಿನಲ್ಲಿ. ಮಗಳು, ಅಳಿಯ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾರೆ. 2023ರ ಬೇಸಿಗೆಯಲ್ಲಿ ನಾವಿಬ್ಬರೂ ಅಲ್ಲಿಗೆ ಹೋದಾಗ ಮಗಳು ಒಂದು ದಿನ, “ಅವ್ವಾ, ಆಲ್ಪ್ಸ್ ಪರ್ವತದಾಗ ಸೈಕಲ್ ಹೊಡಿಯೂಣು ನಡಿ” ಅಂದಳು. ಅರವತ್ತೈದರ ಹೆಣ್ಣುಮಗಳಿಗೆ ಹೇಳುವ ಮಾತೇ ಇದು? ಆಲ್ಪ್ಸ್ ಅಂದರೆ ನನಗೆ ಗೊತ್ತಿದ್ದದ್ದು ಸಿನಿಮಾದ ನಾಯಕಿ ತೆಳ್ಳನೆಯ ಸೀರೆಯಲ್ಲಿ ಹಿಮದ ಮೇಲೆ ಕುಣಿಯುವ ಜಾಗ. “ಗುಡ್ಡ ಹತ್ತೂದಿಲ್ಲವಾ, ಗುಡ್ಡದ ನಡುವಿನ ಹೊಳಿಗುಂಟ ಇಳಿಯೂದು” ಎಂದು ಸಮಾಧಾನ ಹೇಳಿದಳು.

ಬ್ರೆನ್ನರ್ ಘಟ್ಟ ದಾಟಿ ಇಟಲಿಯ ಉತ್ತರದ ತುದಿಯ ಟೊಬ್ಲಾಕ್ ಎಂಬ ಊರಿಗೆ ಹೋದೆವು. ಊರು ಇಟಲಿಯಲ್ಲಿದೆ, ಮಂದಿ ಆಡುವುದು ಜರ್ಮನ್. ಮೊದಲನೆಯ ಮಹಾಯುದ್ಧದ ನಂತರ ಆ ಕಣಿವೆಯ ನಡುವೆ ಹೊಸ ಗಡಿಯ ಗೆರೆ ಬಿತ್ತು. ದ್ರಾವ ನದಿ ಹುಟ್ಟುವುದು ಇಲ್ಲೇ. ಅದರ ಪಕ್ಕದಲ್ಲಿ ಹೊರಡುವ ಸೈಕಲ್ ದಾರಿ ಆಸ್ಟ್ರಿಯಾ, ಸ್ಲೊವೇನಿಯಾ ದಾಟಿ ಕ್ರೊಯೇಷಿಯಾದ ತನಕ ಸುಮಾರು 700 ಕಿಲೋಮೀಟರು ಹೋಗುತ್ತದಂತೆ. ನಾವು ಹೋದದ್ದು ಅದರ ಮೊದಲ ತುಂಡು, ಆಸ್ಟ್ರಿಯಾದ ಲಿಯೆಂಜ್ ಊರಿನವರೆಗೆ, ಸುಮಾರು 45 ಕಿಲೋಮೀಟರು. ಟೊಬ್ಲಾಕ್ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ, ಲಿಯೆಂಜ್ ಸುಮಾರು 670 ಮೀಟರ್. ಅಂದರೆ ದಾರಿಯುದ್ದಕ್ಕೂ ನದಿ ಇಳಿಯುತ್ತದೆ, ಅದರ ಜೊತೆ ಸೈಕಲ್ಲೂ ಇಳಿಯುತ್ತದೆ.

ಬಾಡಿಗೆ ಸೈಕಲ್ ಅಂಗಡಿ ಕಂಡು ನನಗೆ ಅಣ್ಣಿಗೇರಿಯೇ ನೆನಪಾಯಿತು. ತಾಸಿಗಿಷ್ಟು ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ ನಮ್ಮ ಅಂಗಡಿಗಳು. ಇಲ್ಲಿಯ ವಿಶೇಷವೆಂದರೆ ಈ ಊರಲ್ಲಿ ತೆಗೆದುಕೊಂಡ ಸೈಕಲ್ಲನ್ನು ಆ ಊರಲ್ಲಿ ಬಿಟ್ಟು ರೈಲಿನಲ್ಲಿ ಮರಳಬಹುದು. ಕಣಿವೆಯ ರೈಲು 1871ರಿಂದ ಓಡುತ್ತಿದೆ, ಹೊಳೆ, ರೈಲು, ಸೈಕಲ್ ದಾರಿ ಮೂರೂ ಅಕ್ಕತಂಗಿಯರಂತೆ ಜೊತೆಜೊತೆಗೇ ಹೋಗುತ್ತವೆ. ನನಗೂ ನಮ್ಮ ಮನೆಯವರಿಗೂ ಬ್ಯಾಟರಿಯ ಸಹಾಯದ ಸೈಕಲ್ಲು. ಎಂಟು ವರ್ಷದ ಮೊಮ್ಮಗಳಿಗೆ ಅವಳ ಅಳತೆಯದು, ತಲೆಗೆ ಹೆಲ್ಮೆಟ್. ಆಸ್ಟ್ರಿಯಾದಲ್ಲಿ 12 ವರ್ಷದೊಳಗಿನವರಿಗೆ ಅದು ಕಡ್ಡಾಯ. ಮೂರು ವರ್ಷದ ಮೊಮ್ಮಗನಿಗೆ ಅಳಿಯನ ಸೈಕಲ್ಲಿನ ಹಿಂದೆ ಕಟ್ಟಿದ ಎರಡು ಗಾಲಿಯ ಪುಟ್ಟ ಗಾಡಿ, ಅದಕ್ಕೆ ಬಟ್ಟೆಯ ಚಾವಣಿ. ನಮ್ಮ ಮನೆಯವರು ಅದನ್ನು ಸುತ್ತ ನೋಡಿ, “ಉಳವಿ ಕೊಲ್ಲಾರಿ ಅಲ್ಲೇನ ಇದು!” ಅಂದರು. ಚೀಲದಲ್ಲಿ ಚಪಾತಿ, ಶೇಂಗಾ ಚಟ್ನಿ ಹೇಗೂ ಇತ್ತು.

ಹೊರಟ ಹೊಸತರಲ್ಲಿ ದ್ರಾವ ನದಿ ಎಂಬುದು ಹಾರಿ ದಾಟುವಂಥ ಹಳ್ಳ. ಊರು ಕಳೆದಂತೆ ಒಂದೊಂದು ಝರಿ ಕೂಡಿಕೊಂಡು ಬೆಳೆಯುತ್ತದೆ. ಎರಡೂ ಕಡೆ ಹುಲ್ಲುಗಾವಲು, ಕಟ್ಟಿಗೆಯ ಮನೆ, ಚೂಪು ಗೋಪುರದ ಚರ್ಚು, ತಲೆಯೆತ್ತಿದರೆ ಬೆಳ್ಳನೆಯ ಬಂಡೆಯ ಪರ್ವತ. ಚಂದ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ತಾಸಿನ ನಂತರ ನಾನು ಪರ್ವತ ನೋಡುವುದನ್ನು ಬಿಟ್ಟು ದಾರಿಯನ್ನೇ ನೋಡತೊಡಗಿದೆ. ಕಾರಣ ಮೊಮ್ಮಗಳು. ಅವಳು ನಮ್ಮೆಲ್ಲರಿಗಿಂತ ಇನ್ನೂರು ಮಾರು ಮುಂದೆ ಒಬ್ಬಳೇ ಹೋಗುತ್ತಿದ್ದಳು, ಮತ್ತು ಅವಳ ತಾಯಿ ಕೂಗುತ್ತಿರಲಿಲ್ಲ. “ಬದೀಗೆ ಬಾ”, “ಗಾಡಿ ಬಂತು”, “ಕೈ ಹಿಡಿ” ಎಂಬ ಮೂರು ಮಾತನ್ನು ಹಗಲೆಲ್ಲ ಯಾರೂ ಆಡಲಿಲ್ಲ. ಮಕ್ಕಳನ್ನು ಹೊರಗೆ ಕರೆದೊಯ್ದ ತಾಯಿಯೊಬ್ಬಳು ಇಡೀ ದಿನ ಸುಮ್ಮನಿದ್ದುದನ್ನು ನಾನು ಮೊದಲ ಸಲ ಕಂಡೆ.

ಹೆದ್ದಾರಿ ಅಲ್ಲೂ ಇದೆ. ಅದೇ ಕಣಿವೆಯಲ್ಲಿ ಲಾರಿ, ಕಾರುಗಳು ಸಾಲುಗಟ್ಟಿ ಓಡುತ್ತವೆ. ಸೈಕಲ್ ದಾರಿ ಅದಕ್ಕೆ ಅಡ್ಡ ಬರಬೇಕಾದ ಕಡೆಗಳಲ್ಲಿ ಕೆಳಗೆ ಒಂದು ಸುರಂಗವೋ ಪಕ್ಕಕ್ಕೆ ಒಂದು ಕಟ್ಟಿಗೆಯ ಸೇತುವೆಯೋ ಇತ್ತು. ದಾರಿಯೆಲ್ಲ ಹೊಸದಾಗಿ ಕಟ್ಟಿದ್ದೂ ಅಲ್ಲ. ಬಹಳ ಕಡೆ ಅದು ರೈತರು ಹೊಲಕ್ಕೆ ಹೋಗುವ ದಾರಿ, ಇಲ್ಲವೇ ಹೊಳೆಯ ಒಡ್ಡಿನ ದಾರಿ. ಒಮ್ಮೆ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರ್ ಎದುರಿಗೆ ಬಂತು. ಸೈಕಲ್ಲಿನವರೆಲ್ಲ ಇಳಿದು ಬದಿಗೆ ನಿಂತೆವು; ಚಾಲಕ ಕೈಯೆತ್ತಿ ಸಾಗಿದ. ಇನ್ನೊಂದು ಕಡೆ ಆಕಳುಗಳಿಗಾಗಿ ನಿಂತೆವು. ಎರಡು ದೇಶಗಳ ಗಡಿಯನ್ನು ದಾಟಿದ್ದೇ ಗೊತ್ತಾಗಲಿಲ್ಲ, ಒಂದು ಫಲಕ ಅಷ್ಟೆ. ನಮ್ಮ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಹುಬ್ಬಳ್ಳಿಯಿಂದ ಹೊರಟ ರೈತ ಇಷ್ಟೇ ಸಲೀಸಾಗಿ ಗಡಿ ದಾಟಿ ಸಂತೆ ಮಾಡಿಕೊಂಡು ಬರುತ್ತಿದ್ದಿರಬೇಕು.

ಮಧ್ಯಾಹ್ನ ಸಿಲಿಯಾನ್ ಊರಿನ ಹತ್ತಿರ ವೇಫರ್ ಬಿಸ್ಕೀಟು ಮಾಡುವ ಕಾರ್ಖಾನೆಯ ಅಂಗಡಿ ಬಂತು. ದಾರಿಯಲ್ಲಿದ್ದ ಮಕ್ಕಳೆಲ್ಲ ಅಲ್ಲಿ ಬ್ರೇಕ್ ಹಿಡಿದರು. ಅಪ್ಪನ ಕಡಲೆ ಹೊಲಕ್ಕೆ ಅಲ್ಲಿಯ ಬದಲಿ ಅದು. ಸಂಜೆ ಲಿಯೆಂಜ್ ತಲುಪಿದೆವು. ಅಲ್ಲಿ ಈಸೆಲ್ ಎಂಬ ಇನ್ನೊಂದು ಹೊಳೆ ಬಂದು ಕೂಡುತ್ತದೆ. ಅದರಲ್ಲಿ ದ್ರಾವಕ್ಕಿಂತ ಹೆಚ್ಚು ನೀರಿದೆ, ಆದರೂ ಮುಂದೆ ಹೋಗುವುದು ದ್ರಾವದ ಹೆಸರೇ. ಸೈಕಲ್ ಒಪ್ಪಿಸಿ ರೈಲು ಹತ್ತಿದಾಗ ಮೊಮ್ಮಗ ಮಲಗಿದ್ದ, ಮೊಮ್ಮಗಳು ತಾನು ಎಷ್ಟು ಕಿಲೋಮೀಟರು ಹೊಡೆದೆನೆಂದು ಎದುರು ಕೂತ ಅಜ್ಜನಿಗೆ ಜರ್ಮನ್‌ನಲ್ಲಿ ಹೇಳುತ್ತಿದ್ದಳು.

ಆ ರೈಲಿನಲ್ಲಿಯೇ ನನಗೆ ನವಲಗುಂದದ ಕಾಲುವೆ ನೆನಪಾದದ್ದು. ಇಡೀ ದಿನ ನಾನು ಕಂಡದ್ದರಲ್ಲಿ ಪರ್ವತ ಒಂದನ್ನು ಬಿಟ್ಟರೆ ನಮ್ಮಲ್ಲಿ ಇಲ್ಲದ್ದು ಯಾವುದು? ನೀರಿನ ಜೊತೆಗೆ ಹೋಗುವ, ಏರಿಲ್ಲದ ದಾರಿ ಇದೆ. ಅದು ಹೊಲಗಳ ನಡುವೆಯೇ ಇದೆ. ಸರಕಾರದ ನೆಲದಲ್ಲೇ ಇದೆ. ಯಾರ ಭೂಮಿಯನ್ನೂ ಹೊಸದಾಗಿ ಕಿತ್ತುಕೊಳ್ಳಬೇಕಾಗಿಲ್ಲ. ಕಾಲುವೆಯ ಎಂಜಿನಿಯರ್ ನೀರಿಗಾಗಿ ಹುಡುಕಿದ ಇಳಿಜಾರು ಮಕ್ಕಳ ಕಾಲಿಗೂ ಹೇಳಿ ಮಾಡಿಸಿದಂತಿದೆ. ಇಲ್ಲದ್ದು ಸಣ್ಣ ಸಣ್ಣವು: ಕುಸಿದಲ್ಲಿ ಎರಡು ಬುಟ್ಟಿ ಗರಸು, ಆಳವಿದ್ದ ಕಡೆ ನೀರಿನ ಬದಿಗೆ ಒಂದು ಗೋಡೆಯೋ ಬೇಲಿಯೋ, ಹೆದ್ದಾರಿ ಅಡ್ಡ ಬಂದಲ್ಲಿ ಕೆಳಗೊಂದು ಹಾದಿ, ಊರಿಗೊಂದು ಫಲಕ, ವರ್ಷಕ್ಕೊಮ್ಮೆ ಜಾಲಿ ಸವರುವ ಕೈ.

ಹೆದ್ದಾರಿಗಳ ಮೇಲೆ ನನಗೆ ಸಿಟ್ಟಿಲ್ಲ. ಅಂಕೋಲೆಯಿಂದ ಕಲಘಟಗಿ, ಹುಬ್ಬಳ್ಳಿ, ನವಲಗುಂದದ ಮೇಲೆ ವಿಜಯಪುರದತ್ತ ಹೋಗುವ 52ನೇ ಹೆದ್ದಾರಿಯೂ, ಅಣ್ಣಿಗೇರಿಯ ಮೇಲೆ ಗದಗಿಗೆ ಹೋಗುವ 67ನೇ ಹೆದ್ದಾರಿಯೂ ನಮ್ಮ ಉಳ್ಳಾಗಡ್ಡಿ, ಹತ್ತಿ, ಮೆಣಸಿನಕಾಯಿಗಳಿಗೆ ಬೇಕು. ಬಾಣಂತಿಯ ಆಂಬುಲೆನ್ಸಿಗೂ ಬೇಕು. ಆದರೆ ಅವು ಬಂದಾಗ ಹಳೆಯ ರಸ್ತೆ ಎಲ್ಲಿಗೂ ಹೋಗಲಿಲ್ಲ, ಅದೇ ಹೆದ್ದಾರಿಯ ಹೊಟ್ಟೆಯೊಳಗೆ ಸೇರಿತು. ಅಪ್ಪ ನಮ್ಮನ್ನು ಕೂಡಿಸಿಕೊಂಡು ಹೋಗುತ್ತಿದ್ದ ರಸ್ತೆಗೆ ಬದಲಿ ರಸ್ತೆಯನ್ನು ಯಾರೂ ಕೊಡಲಿಲ್ಲ. ಲಾರಿಯ ಲೆಕ್ಕ ಹಿಡಿದರು, ಕಾರಿನ ಲೆಕ್ಕ ಹಿಡಿದರು. ಎರಡು ಜಡೆಯ ಲೆಕ್ಕ ಹಿಡಿಯುವವರು ಇರಲಿಲ್ಲ.

ನೀವು ಕೇಳಬಹುದು: ಈಗ ಸೈಕಲ್ ಯಾರಿಗೆ ಬೇಕು? ಅಟ್ಲಾಸ್ ಕಂಪನಿಯ ಕೊನೆಯ ಕಾರ್ಖಾನೆ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಶಾಲೆಯ ಸೈಕಲ್ ಹಂಚಿಕೆ ಕೊರೊನಾ ಕಾಲದಲ್ಲಿ ನಿಂತಿತು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸೂ ಪುಕ್ಕಟೆಯಾಯಿತು. ಬಸ್ಸು ಪುಕ್ಕಟೆಯಾದದ್ದು ದೊಡ್ಡ ಮಾತು, ಅದನ್ನು ಬಳಸುವವರಲ್ಲಿ ನಾನೂ ಒಬ್ಬಳು. ಆದರೆ ಬಸ್ಸು ಬಸ್ಸಿನ ಹೊತ್ತಿಗೆ ಬರುತ್ತದೆ. ಹತ್ತನೇ ಇಯತ್ತೆಯ ಹೆಚ್ಚಿನ ತರಗತಿ ಮುಗಿಯುವುದು ಆರಕ್ಕೆ, ಊರಿನ ಬಸ್ಸು ಹೋಗುವುದು ಐದಕ್ಕೆ. ಆ ಒಂದು ತಾಸಿಗಾಗಿ ತರಗತಿ ಬಿಡುವ ಹುಡುಗಿಯರನ್ನು ನಾನು ನಿವೃತ್ತಿಯ ದಿನದ ತನಕ ನೋಡಿದ್ದೇನೆ. ಅವರ ಮನೆಗಳಲ್ಲಿ ಸೈಕಲ್ ಇನ್ನೂ ಇದೆ. ಅಟ್ಟದಿಂದ ಇಳಿಯಬೇಕಾದರೆ ಅದಕ್ಕೆ ನಡುವೆ ಇರುವುದು ಚಲೋ ಇರಬೇಕು.

ನಮ್ಮ ಬಿಸಿಲಿಗೆ ಇದೆಲ್ಲ ಆಗದು ಎನ್ನುವವರಿದ್ದಾರೆ. ದಂಡೆಗುಂಟ ಬೇವು, ಹುಣಸೆ ಹಚ್ಚಿದರೆ ಅದಕ್ಕೂ ಉತ್ತರವಿದೆ, ನೀರು ಪಕ್ಕದಲ್ಲೇ ಇದೆ. ಹಣ ಎಲ್ಲಿಂದ ಎನ್ನುವವರಿಗೆ, ಉದ್ಯೋಗ ಖಾತ್ರಿಯ ಹಣದಲ್ಲಿ ‘ನಮ್ಮ ಹೊಲ ನಮ್ಮ ದಾರಿ’ ಎಂದು ಎಷ್ಟೋ ಊರುಗಳಲ್ಲಿ ಹೊಲದ ದಾರಿಗಳಾದದ್ದನ್ನು ನೆನಪಿಸುತ್ತೇನೆ. ನನಗೆ ಆಲ್ಪ್ಸ್ ಬೇಡ, ಪ್ರವಾಸೋದ್ಯಮ ಬೇಡ, 700 ಕಿಲೋಮೀಟರೂ ಬೇಡ. ಎರಡು ಹಳ್ಳಿಯಿಂದ ಒಂದು ಹೈಸ್ಕೂಲಿಗೆ, ಹತ್ತು ವರ್ಷದ ಕೂಸನ್ನು ಕೂಗದೆ ಕಳಿಸಬಹುದಾದ ಏಳೆಂಟು ಕಿಲೋಮೀಟರು ಮೊದಲಾಗಲಿ. ಆಮೇಲೆ ಅದು ನವಿಲುತೀರ್ಥದ ತನಕ ಹೋದರೆ ಎಲ್ಲಮ್ಮನ ಗುಡ್ಡಕ್ಕೆ ಸೈಕಲ್ ಮೇಲೆಯೇ ಹೋಗಿ ಬಂದರಾಯಿತು.

ಕಳೆದ ಮಾಘದಲ್ಲಿ ನಾನು, ನನ್ನ ಐದಾರು ಹಳೆಯ ವಿದ್ಯಾರ್ಥಿನಿಯರು, ಅವರ ಮಕ್ಕಳು ಕೂಡಿ ಆ ಕಾಲುವೆ ದಂಡೆಯ ಮೇಲೆ ಹತ್ತು ಕಿಲೋಮೀಟರು ಹೋಗಿಬಂದೆವು. 2011ರಲ್ಲಿ ಕಾಲು ಮುರಿದುಕೊಂಡಿದ್ದವಳೂ ಬಂದಿದ್ದಳು. ಅವಳ ಮಗಳಿಗೆ ಈಗ ಆರು ವರ್ಷ. ಎಲ್ಲೆಲ್ಲಿ ದಂಡೆ ಕುಸಿದಿದೆ, ಎಲ್ಲಿ ಜಾಲಿ ಬೆಳೆದಿದೆ, ಎಲ್ಲಿ ಗೋಡೆ ಬೇಕು ಎಂದು ಬರೆದು, ಎರಡು ಪುಟದ ಅರ್ಜಿ ಮಾಡಿ ಪಂಚಾಯಿತಿಗೆ ಕೊಟ್ಟೆವು. ಸದಸ್ಯರೊಬ್ಬರು ಓದಿದರು, ಕನ್ನಡಕ ತೆಗೆದರು, “ಅಲ್ರೀ ಅಕ್ಕೋರ, ಈ ದಾರಿಯೊಳಗ ದಿನಾ ಎಷ್ಟು ಮಂದಿ ಓಡಾಡ್ತಾರ ಅಂತ ಲೆಕ್ಕ ಬೇಕಲ್ಲ?” ಅಂದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಜೊತೆ ಬಂದಿದ್ದ ಮುದಿ ನೀರಗಂಟಿ ಕೇಳಿದ: “ಸಾಹೇಬ್ರ, ಈ ಕಾಲುವಿ ತೋಡೂಕ ಮೊದಲ ಇದರಾಗ ಎಷ್ಟು ನೀರು ಹರೀತಿತ್ರಿ?”

ಸದಸ್ಯರು ನಕ್ಕರು. ಅರ್ಜಿಯನ್ನು ಮಡಚಿ ಅಂಗಿಯ ಮೇಲ್ಜೇಬಿನಲ್ಲಿ ಇಟ್ಟುಕೊಂಡರು. ಫೈಲಿಗೆ ಹೋಗುವ ಕಾಗದ ಬೇರೆ, ಜೇಬಿಗೆ ಹೋಗುವ ಕಾಗದ ಬೇರೆ ಎಂದು ನಮ್ಮ ನೀರಗಂಟಿ ಹೇಳುತ್ತಾನೆ. ಯಾವುದು ಒಳ್ಳೆಯದೆಂದು ಕೇಳಿದರೆ ಮಾತ್ರ, “ಮುಂದಿನ ಮಳಿಗಾಲದಾಗ ಗರಸು ಬೀಳ್ತಂದ್ರ ಹೇಳ್ತೀನಿ” ಅನ್ನುತ್ತಾನೆ.